ಬಕಲ್ ಸೊರಗಿದ್ದು ಕೊರಗಿನಿಂದಲ್ಲ

ಬೆಲ್ಟ್ ಸಡಿಲವಾದರೆ ಬೇರೆಯವರು ಅಂಗಡಿ ಹುಡುಕಿಕೊಂಡು ಹೋಗುತ್ತಾರೆ. ಬೆಲ್ಟಿನಂಗಡಿಯವರಿಗೆ ಆ ತಾಪತ್ರಯವಿಲ್ಲ. ತೂತು ಹಾಕುವ ಇಕ್ಕಳ ಕೈಗೆಟುಕುವಲ್ಲೇ ಇರುತ್ತದೆ. ಒಂದು ಸಲ ಒತ್ತಿದರೆ ಕೆಲಸ ಮುಗಿಯಿತು.

ಅಂಗಡಿಯೊಡತಿ ಬೆಲ್ಟಮ್ಮ ತನ್ನ ನಾಯಿಯ ಕೊರಳಪಟ್ಟಿಗೂ ಹಾಗೆಯೇ ಮಾಡುತ್ತ ಬಂದಿದ್ದಳು. ಪಟ್ಟಿ ಜೋತುಬಿದ್ದಿತೋ, ಇನ್ನೊಂದು ತೂತು. ಮತ್ತೆ ಜೋತುಬಿದ್ದಿತೋ, ಮತ್ತೊಂದು. ಚರ್ಮದ ಕೆಲಸ ಅವಳಿಗೆ ನೀರು ಕುಡಿದಷ್ಟು ಸಲೀಸು. ತೂತುಗಳ ಸಾಲು ನೇರವಾಗಿ, ಅಂದವಾಗಿ ಇತ್ತು. ಆದರೆ ಪಟ್ಟಿ ಏಕೆ ಸಡಿಲವಾಗುತ್ತಿದೆ ಎಂದು ಅವಳು ಯಾರನ್ನೂ ಕೇಳಲಿಲ್ಲ. ಉತ್ತರ ತನಗೆ ಗೊತ್ತಿದೆ ಎಂದುಕೊಂಡಿದ್ದಳು.

ನಾಯಿಯ ಹೆಸರು ಬಕಲ್. ಇನ್ನೂ ಎರಡು ವರ್ಷ ತುಂಬದ ಎಳೆ ನಾಯಿ. ಮರಿಯಾಗಿದ್ದಾಗ ಅದನ್ನು ಅರ್ಧ ಹೊಲಿದ ಚೀಲದಲ್ಲಿ ಕೂರಿಸಿಕೊಂಡು ತಂದವನು ಅವಳ ಗಂಡ. ಆ ಗಂಡ ಕಳೆದ ಚಳಿಗಾಲದಲ್ಲಿ ಎದೆನೋವೆಂದು ಮಲಗಿದವನು ಏಳಲಿಲ್ಲ. ಅಲ್ಲಿಂದೀಚೆಗೆ ಬಕಲ್ ಸೊರಗುತ್ತ ಬಂತು. ಬೀದಿಯವರು ಎರಡಕ್ಕೂ ಗಂಟು ಹಾಕಿದರು.

"ನಾಯಿ ಯಜಮಾನನ್ನ ನೆನೆಸ್ಕೊಂಡು ಕೊರಗ್ತಾ ಇದೆ ಕಣಮ್ಮಾ," ಎಂದ ಪಕ್ಕದ ಅಂಗಡಿಯ ಬೀಗದಣ್ಣ. ಕೀಲಿಕೈ ಮಾಡಿಕೊಡುವುದು ಅವನ ಕಸುಬು. ಕೇಳದಿದ್ದರೂ ಸಲಹೆ ಕೊಡುವುದು ಹವ್ಯಾಸ. "ಮನುಷ್ಯರು ಮರ್ತಾರು, ನಾಯಿ ಮರೆಯಲ್ಲ."

ಆ ಮಾತು ಬೆಲ್ಟಮ್ಮನ ಎದೆಯಲ್ಲಿ ಕೂತುಬಿಟ್ಟಿತು. ಸಮಾಧಾನ ಹೇಳಲು ಬಂದವರೆಲ್ಲ ತಂತಮ್ಮ ಕೆಲಸಕ್ಕೆ ಮರಳಿದ್ದರು. ಮನೆಯಲ್ಲಿ ಅವನ ಹೆಸರೆತ್ತುವವರಿರಲಿಲ್ಲ. ಬಕಲ್‌ನ ಬೆನ್ನಿನ ಮೇಲೆ ಕೈಯಾಡಿಸಿ ಮೂಳೆ ತಗುಲಿದಾಗ, ತನ್ನ ಜೊತೆ ದುಃಖಪಡುವ ಜೀವ ಇನ್ನೊಂದಿದೆ ಎಂದು ಅವಳಿಗೆ ಒಂದು ಬಗೆಯ ನೆಮ್ಮದಿ. ಅವಳಿಗಂತೂ ಊಟ ಸೇರುತ್ತಿರಲಿಲ್ಲ. ತನ್ನ ತಟ್ಟೆಯ ಪಾಲನ್ನೂ ಅದಕ್ಕೇ ಸುರಿಯುತ್ತಿದ್ದಳು. ಬಕಲ್ ಎರಡೂ ಪಾಲನ್ನು ಬಳಿದು ನೆಕ್ಕಿ, ಇನ್ನೂ ಇದೆಯಾ ಎಂಬಂತೆ ಅವಳ ಮುಖ ನೋಡುತ್ತಿತ್ತು.

ಒಂದು ಭಾನುವಾರ ನಾದಿನಿ ಬಂದಳು. ಗಂಡನ ಬೆನ್ನಿಗೆ ಹುಟ್ಟಿದ ತಂಗಿ, ದೊಡ್ಡಾಸ್ಪತ್ರೆಯಲ್ಲಿ ನರ್ಸು. ಡ್ಯೂಟಿಯ ಗಲಾಟೆಯಲ್ಲಿ ತಿಂಗಳುಗಟ್ಟಲೆ ಈ ಕಡೆ ತಲೆ ಹಾಕಿರಲಿಲ್ಲ. ಬಕಲ್ ಓಡಿಬಂದು ಅವಳ ಮೇಲೆ ಎಗರಿತು. ಅದರ ಪಕ್ಕೆ ಹಿಡಿದವಳೇ ಅವಳು ನಗು ನಿಲ್ಲಿಸಿದಳು.

"ಅತ್ತಿಗೆ, ಇದೇನಿದು? ಕೂದಲ ಕೆಳಗೆ ಬರೀ ಮೂಳೆ!"

"ಕೊರಗು ಕಣೇ. ನಿಮ್ಮಣ್ಣ ಹೋದಾಗಿಂದ."

"ಊಟ ಬಿಟ್ಟಿದ್ಯಾ?"

"ಊಟಕ್ಕೇನು, ಎರಡಾಳಿಂದು ತಿನ್ನುತ್ತೆ. ಮೈಗೇ ಹತ್ತಲ್ಲ. ದುಃಖ ಒಳಗೊಳಗೇ ತಿಂತಾ ಇದೆ."

ನಾದಿನಿ ಕೆಲಸದ ಹಲಗೆಯ ಪಕ್ಕದಲ್ಲೇ ಕುಕ್ಕರಿಸಿದಳು. "ಕೊರಗಿರೋದು ನೀವು, ಅತ್ತಿಗೆ. ಕೊರಗಿದವರಿಗೆ ಅನ್ನ ಸೇರಲ್ಲ. ನಿಮ್ಮ ಕೆನ್ನೆ ಒಂದ್ಸಲ ಕನ್ನಡೀಲಿ ನೋಡ್ಕೊಳ್ಳಿ. ಇದು ಎರಡಾಳಿಂದು ತಿಂದು ಮೂರನೇದಕ್ಕೆ ಬಾಯಿ ಬಿಡ್ತಿದೆ. ಇದ್ಯಾವ ಸೀಮೆ ಕೊರಗು?"

"ನಿನಗೇನು ಗೊತ್ತು? ನೀನು ಇಲ್ಲಿದ್ರೆ ತಾನೆ! ದಿನಾ ಅವರು ಕೂತ್ಕೋತಿದ್ದ ಸ್ಟೂಲ್ ಕೆಳಗೇ ಮಲಗುತ್ತೆ."

"ಅದು ನೆನೆಸ್ಕೊಳ್ಳಲ್ಲ ಅಂತ ನಾನೆಲ್ಲಂದೆ? ಹೋಗಿದ್ದು ನನ್ನ ಅಣ್ಣಾನೂ ಹೌದು. ನನ್ನ ನೋಡಿ, ಯೂನಿಫಾರಂ ಗುಂಡಿ ಹಾಕಕ್ಕಾಗಲ್ಲ, ಅಷ್ಟು ದಪ್ಪ ಆಗಿದ್ದೀನಿ. ಹಾಗಾದ್ರೆ ನಾನು ಅಣ್ಣನ್ನ ಮರ್ತಿದ್ದೀನಾ?"

ಅಷ್ಟರಲ್ಲಿ ಪಕ್ಕದಂಗಡಿಯಿಂದ ಬೀಗದಣ್ಣನ ತಲೆ ಇಣುಕಿತು.

"ನಾವೇನು ಸುಮ್ನೆ ಕೂತಿಲ್ಲಮ್ಮ. ಹುಳಕ್ಕೆ ಅಂತ ನಾನೇ ಒಂದು ಮಾತ್ರೆ ತಂದುಕೊಟ್ಟಿದ್ದೆ. ಅರ್ಧ ಮುರಿದು ಹಾಕಿದ್ವಿ. ಏನೂ ಗುಣ ಕಾಣಲಿಲ್ಲ. ಅಲ್ಲಿಗೆ ಕೊರಗೇ ಅಂತ ಗ್ಯಾರಂಟಿ ಆಯ್ತು."

"ಅರ್ಧ ಯಾಕಣ್ಣ?"

"ನಾಯಿ ಸಣ್ಣಗಿದೆಯಲ್ಲ, ಅದಕ್ಕೆ."

"ತೂಕ ಹಾಕಿದ್ರಾ?"

"ತೂಕ ಯಾಕೆ? ಕಣ್ಣಲ್ಲಿ ನೋಡಿದ್ರೆ ಗೊತ್ತಾಗಲ್ವಾ?"

"ಯಾರಾದ್ರೂ ನಿಮ್ಮ ಹತ್ರ ಬೀಗಾನೂ ತರದೆ, ಹಳೇ ಕೀನೂ ತರದೆ, 'ಅಂದಾಜಲ್ಲಿ ಒಂದು ಕೀ ಮಾಡ್ಕೊಡಣ್ಣ' ಅಂದ್ರೆ ಮಾಡ್ತೀರಾ?"

ಬೀಗದಣ್ಣ ಆಮೆಯ ಹಾಗೆ ತಲೆ ಒಳಗೆಳೆದುಕೊಂಡ.

ನಾದಿನಿ ಬಕಲ್‌ನ ಕೊರಳಪಟ್ಟಿ ತಿರುಗಿಸಿ ನೋಡಿದಳು. ತೂತುಗಳ ಸಾಲಿನ ಮೇಲೆ ಬೆರಳು ಓಡಿಸಿದಳು. "ಇವೆಲ್ಲ ನೀವು ಹಾಕಿದ್ದಾ?"

"ಸಡಿಲ ಆದಾಗೆಲ್ಲ ಹಾಕ್ದೆ."

"ಪಟ್ಟಿ ಸಡಿಲ ಆಗಿದ್ದಲ್ಲ, ಅತ್ತಿಗೆ. ನಾಯಿ ಕರಗಿದ್ದು."

ಬೆಲ್ಟಮ್ಮ ಪಟ್ಟಿಯನ್ನು ನೋಡಿದಳು. ಅವಳದೇ ಕೈಕೆಲಸ. ಮೊದಲ ತೂತಿನಿಂದ ಕೊನೆಯದರವರೆಗೆ ಎಷ್ಟು ದೂರ ಬಂದಿದೆ ಎಂದು ಅಂದೇ ಅವಳ ಕಣ್ಣಿಗೆ ಬಿತ್ತು.

ನಾದಿನಿ ದನಿ ತಗ್ಗಿಸಿದಳು. "ಎದೆ ನೋಯ್ತಿದೆ ಅಂದಾಗ ಅಣ್ಣ ತಾನೇ ಒಂದು ಕಾರಣ ಹುಡುಕ್ಕೊಂಡ. ಸುಸ್ತು, ಮಲಗಿದ್ರೆ ಹೋಗುತ್ತೆ ಅಂದ. ನಾವು ಇನ್ನೊಂದ್ಸಲ ಹಾಗೆ ಕಾರಣ ಹುಡುಕ್ಕೊಂಡು ಕೂರೋದು ಬೇಡ. ಹೀಗೇ ಬಿಟ್ರೆ ಇದು ಉಳಿಯಲ್ಲ. ನಾಳೆ ಬೆಳಗ್ಗೆ ಇದರ ಮಲ ಒಂಚೂರು ಶುದ್ಧವಾದ ಡಬ್ಬೀಲಿ ತಗೊಳ್ಳಿ. ಪಶು ಆಸ್ಪತ್ರೆಗೆ ಹೋಗೋಣ."

"ಥೂ, ಅದನ್ನ ಹೊತ್ಕೊಂಡು ಬೀದೀಲಿ ಹೋಗೋದಾ?"

"ಡಬ್ಬಿಗೆ ಮುಚ್ಚಳ ಇರುತ್ತೆ, ಅತ್ತಿಗೆ."

ಬೆಲ್ಟಮ್ಮ ಬಹಳ ದಿನಗಳ ಮೇಲೆ ನಕ್ಕಳು.

ಪಶು ಆಸ್ಪತ್ರೆಯಲ್ಲಿ ಮೊದಲು ಬಕಲ್ ಅನ್ನು ತೂಕದ ಹಲಗೆಯ ಮೇಲೆ ನಿಲ್ಲಿಸಿದರು. ಮುಳ್ಳು ನಿಂತ ಕಡೆ ನೋಡಿ ಡಾಕ್ಟರು ಹುಬ್ಬೇರಿಸಿದರು. ಇದೇ ಗಾತ್ರದ, ಇದೇ ವಯಸ್ಸಿನ ನಾಯಿ ಇರಬೇಕಾದ ತೂಕಕ್ಕೆ ಇದು ಬಹಳ ಹಿಂದೆ ಬಿದ್ದಿತ್ತು. ಹಲ್ಲು, ಒಸಡು, ಹೊಟ್ಟೆ ಎಲ್ಲ ಮುಟ್ಟಿ ನೋಡಿದ ಮೇಲೆ ಅವರು ಕೇಳಿದರು:

"ಮಲ ಹೇಗಿರುತ್ತಮ್ಮ?"

ಬೆಲ್ಟಮ್ಮ ಮುಖ ಮುಚ್ಚಿಕೊಳ್ಳಲು ಸೆರಗು ಹುಡುಕುವಂತೆ ಅತ್ತಿತ್ತ ನೋಡಿದಳು. ನಾದಿನಿ ಮೊಣಕೈಯಿಂದ ತಿವಿದಳು. "ನಾಚ್ಕೋಬೇಡಿ. ಡಾಕ್ಟ್ರಿಗೆ ಅದೇ ಮುಖ್ಯ."

"ರಾಶಿ ರಾಶಿ ಹಾಕುತ್ತೆ, ಡಾಕ್ಟ್ರೇ. ಬಿಳಿಚಿಕೊಂಡು, ಜಿಡ್ಡು ಜಿಡ್ಡಾಗಿ. ವಾಸನೆ ಅಂದ್ರೆ, ಪಕ್ಕದ ಬೀಗದಣ್ಣ ಅಂಗಡಿ ಬಾಗಿಲೇ ಹಾಕ್ಬಿಡ್ತಾರೆ."

ಡಾಕ್ಟರು ನಕ್ಕರು. "ಇದನ್ನ ಹೇಳಿದ್ದು ಒಳ್ಳೇದಾಯ್ತು. ಎಳೆ ನಾಯಿ ಸೊರಗಕ್ಕೆ ಹತ್ತು ಕಾರಣ ಇರುತ್ತೆ. ಹುಳು ಇರಬಹುದು, ಸೋಂಕಿರಬಹುದು, ಲಿವರ್, ಕಿಡ್ನಿ ಕೆಟ್ಟಿರಬಹುದು. ನೋಡಿದ ತಕ್ಷಣ ಇಂಥದ್ದೇ ಅಂತ ನಾನೂ ಹೇಳಲಾರೆ. ಒಂದೊಂದೇ ಪರೀಕ್ಷೆ ಮಾಡಿ ಒಂದೊಂದೇ ಅನುಮಾನ ತೆಗೆದುಹಾಕೋಣ."

ಡಬ್ಬಿಯಲ್ಲಿದ್ದುದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಹುಳುವಿನ ಮೊಟ್ಟೆ ಕಾಣಲಿಲ್ಲ. ರಕ್ತಪರೀಕ್ಷೆ ಆಗಬೇಕು ಎಂದರು. "ಇವತ್ತು ಸಂಜೆ ಬೇಗ ಊಟ ಹಾಕಿ. ಆಮೇಲೆ ನಾಳೆ ಬೆಳಗ್ಗೆ ನಾವು ರಕ್ತ ತೆಗೆಯೋವರೆಗೂ ಬರೀ ನೀರು. ಒಂದು ತುತ್ತು ಕೊಟ್ರೂ ಪರೀಕ್ಷೆ ತಪ್ಪು ಹೇಳುತ್ತೆ."

ಮರುದಿನ ಬೆಳಗ್ಗೆ ಬಕಲ್ ಅಂಗಡಿಯನ್ನೆಲ್ಲ ತಲೆಯ ಮೇಲೆ ಹೊತ್ತುಕೊಂಡಿತು. ಖಾಲಿ ಬಟ್ಟಲನ್ನು ಮೂತಿಯಿಂದ ತಳ್ಳಿತು, ಬೆಲ್ಟಮ್ಮನ ಮೊಣಕಾಲಿನ ಮೇಲೆ ಕಾಲಿಟ್ಟು ಕುಂಯ್‌ಗುಟ್ಟಿತು. ಡಬ್ಬದಲ್ಲಿ ಬ್ರೆಡ್ಡಿತ್ತು. ಎರಡು ಸಲ ಮುಚ್ಚಳ ತೆಗೆದಳು, ಎರಡು ಸಲವೂ ಮುಚ್ಚಿದಳು.

ಬೀಗದಣ್ಣ ಬಿಸ್ಕತ್ತು ಹಿಡಿದುಕೊಂಡೇ ಬಂದ. "ಬಾಯಿಲ್ಲದ ಜೀವಾನ ಉಪವಾಸ ಕೆಡವಿದ್ದೀರಲ್ಲಮ್ಮ! ಒಂದು ಚೂರು ತಿಂದ್ರೆ ಯಾವ ಗಂಟು ಮುಳುಗುತ್ತೆ?"

"ಪರೀಕ್ಷೆ ಮುಳುಗುತ್ತೆ, ಅಣ್ಣ," ಎಂದಳು ಬೆಲ್ಟಮ್ಮ. ಹೇಳಿದ ಮೇಲೆ ತನ್ನ ದನಿಯ ಗಟ್ಟಿತನ ಅವಳಿಗೇ ಕೇಳಿಸಿತು. "ಆ ಬಿಸ್ಕತ್ತು ನೀವೇ ತಿನ್ನಿ. ಇವತ್ತು ಇದಕ್ಕೆ ದಯೆ ತೋರಿಸೋದು ಅಂದ್ರೆ ಏನೂ ಕೊಡದೇ ಇರೋದು."

ಕೆಲವು ದಿನಗಳಲ್ಲಿ ಫಲಿತಾಂಶ ಬಂತು. ಡಾಕ್ಟರು ಇಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದರು.

"ತಿಂದದ್ದು ಕರಗಿ ಮೈಗೆ ಸೇರಬೇಕಾದ್ರೆ ಜೀರ್ಣರಸ ಬೇಕು. ಅದನ್ನ ತಯಾರಿಸೋ ಒಂದು ಗ್ರಂಥಿ ಹೊಟ್ಟೆ ಒಳಗಿರುತ್ತೆ. ಇದರಲ್ಲಿ ಆ ಗ್ರಂಥಿ ಸೋತಿದೆ. ಹಾಗಾಗಿ ತಿಂದದ್ದು ಬಾಯಿಂದ ಹೋಗಿ ಹಾಗೇ ಹಿಂದಿನಿಂದ ಹೊರಗೆ. ಹೊಟ್ಟೆ ತುಂಬಿದೆ, ಮೈ ಉಪವಾಸ."

"ನಾನು ಎರಡಾಳಿಂದು ಹಾಕ್ತಿದ್ನಲ್ಲ?"

"ನಾಲ್ಕಾಳಿಂದು ಹಾಕಿದ್ರೂ ಅಷ್ಟೇ. ತೂತು ಬಿದ್ದ ಕೊಡಕ್ಕೆ ನೀರು ಹೊಯ್ದ ಹಾಗೆ."

"ವಾಸಿ ಆಗುತ್ತಾ?"

"ಗ್ರಂಥಿ ಮೊದಲಿನ ಹಾಗಾಗಲ್ಲ. ಆದರೆ ಆ ರಸದ ಕೆಲಸ ಮಾಡೋ ಪುಡಿ ಸಿಗುತ್ತೆ. ನಾನು ಹೇಳಿದ ಅಳತೆಯಲ್ಲಿ ಪ್ರತಿ ಊಟಕ್ಕೂ ಕಲೆಸಿ ಕೊಡಬೇಕು. ಜೀವನ ಪೂರ್ತಿ. ಪುಡಿ ಇಲ್ಲದೆ ಒಂದು ತುತ್ತೂ ಬೇಡ, ನಿಮ್ಮ ತಟ್ಟೆಯಿಂದಂತೂ ಬೇಡವೇ ಬೇಡ. ಆಗಾಗ ತೂಕ ಹಾಕಿಸ್ತಾ ಇರಿ. ಹೀಗೆ ನೋಡಿಕೊಂಡ ಬಹಳಷ್ಟು ನಾಯಿಗಳು ಚೆನ್ನಾಗೇ ಬಾಳ್ತವೆ."

ಬೆಲ್ಟಮ್ಮ ಎದ್ದಳು. ಬಾಗಿಲ ತನಕ ಹೋದವಳು ತಿರುಗಿದಳು.

"ಡಾಕ್ಟ್ರೇ, ಹಾಗಾದ್ರೆ ಇದು ನಮ್ಮ ಮನೆಯವರನ್ನ ನೆನೆಸ್ಕೊಂಡು ಸೊರಗಿದ್ದಲ್ವಾ?"

ನಾದಿನಿ ಮೊದಲೇ ಹೇಳಿದ್ದರಿಂದ ಡಾಕ್ಟರಿಗೆ ವಿಷಯ ಗೊತ್ತಿತ್ತು. ಅವರು ಅವಸರ ಮಾಡಲಿಲ್ಲ. "ಇದರ ಮನಸ್ಸಲ್ಲಿ ಏನಿದೆಯೋ ನಾನು ಹೇಳಲಾರೆ ಅಮ್ಮ. ಮೈ ಸೊರಗಿದ್ದು ಮಾತ್ರ ಹಸಿವಿನಿಂದ."

ಅವಳು ಮೊಣಕಾಲೂರಿ ಬಕಲ್‌ನ ಕಿವಿ ಸವರಿದಳು. ಇಷ್ಟು ದಿನ ತನ್ನ ದುಃಖವನ್ನು ಅದರ ಬೆನ್ನ ಮೇಲೆ ಹೊರಿಸಿದ್ದಳು. ಅದು ಮಾತ್ರ ದಿನವೂ ಅವಳ ಮುಖ ನೋಡಿ ಹಸಿವು, ಹಸಿವು ಎನ್ನುತ್ತಲೇ ಇತ್ತು. ಅವಳು ಕಣ್ಣೊರೆಸಿಕೊಂಡು ಎದ್ದಳು.

"ಪುಡಿ ಎಲ್ಲಿ ಸಿಗುತ್ತೆ ಹೇಳಿ."

ಅಂದಿನಿಂದ ಬಕಲ್‌ನ ಊಟಕ್ಕೆ ಅಳತೆಯ ಚಮಚ ಬಂತು. ಮೊದಲು ಮಲ ಗಟ್ಟಿಯಾಯಿತು. ಬೀಗದಣ್ಣನ ಅಂಗಡಿಯ ಬಾಗಿಲು ದಿನವಿಡೀ ತೆರೆದೇ ಇರತೊಡಗಿತು. ಆಮೇಲೆ ಪಕ್ಕೆಗಳ ನಡುವಿನ ಗುಳಿ ತುಂಬತೊಡಗಿತು, ಕೂದಲಿಗೆ ಹೊಳಪು ಬಂತು. ನಾದಿನಿ ರಜೆ ಸಿಕ್ಕಾಗಲೆಲ್ಲ ಬಂದು, ಅತ್ತಿಗೆಯ ಜೊತೆಗೆ ಹೋಗಿ ತೂಕ ಹಾಕಿಸಿದಳು. ಪ್ರತಿ ಸಲವೂ ಮುಳ್ಳು ಒಂದಿಷ್ಟು ಮುಂದೆ ನಿಂತಿತು. ಬೆಲ್ಟಮ್ಮನ ತಟ್ಟೆಯ ಊಟ ಈಗ ನಾಯಿಗೆ ಹಾಕುವಂತಿರಲಿಲ್ಲ. ಚೆಲ್ಲಲು ಮನಸ್ಸು ಬರುತ್ತಿರಲಿಲ್ಲ. ಹಾಗಾಗಿ ಅದನ್ನು ಅವಳೇ ಉಂಡಳು.

ಒಂದು ಮಧ್ಯಾಹ್ನ ಬೀಗದಣ್ಣ ಮೆಲ್ಲಗೆ ಬಂದು ನಿಂತ. "ಅಮ್ಮಾ, ನಮ್ಮನೆ ಬೆಕ್ಕೂ ಇತ್ತೀಚೆಗೆ ಒಂಥರಾ ಸಣ್ಣಗಾಗಿದೆ. ಆ ಡಾಕ್ಟ್ರು ಬೆಕ್ಕೂ ನೋಡ್ತಾರಾ?"

"ನೋಡ್ತಾರೆ. ನೀವು ಮೊದಲೇ ಅರ್ಧ ಮಾತ್ರೆ ಹಾಕಿಲ್ಲ ತಾನೆ?"

"ಇಲ್ಲಮ್ಮ, ಆಣೆಗೂ ಇಲ್ಲ. ಮುಚ್ಚಳ ಇರೋ ಡಬ್ಬಿ ತೊಳೆದಿಟ್ಟಿದ್ದೀನಿ."

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲಿ ಎಳೆ ನಾಯಿ ಇದ್ದರೆ ಈಗಲೇ ಅದರ ಪಕ್ಕೆಯ ಮೇಲೆ ಕೈಯಿಟ್ಟು ನೋಡಿ. ದಟ್ಟ ಕೂದಲು ಕಣ್ಣಿಗೆ ಮೋಸ ಮಾಡುತ್ತದೆ, ಕೈಗೆ ಮೋಸ ಮಾಡಲಾರದು. ತಿಂಗಳಿಗೊಮ್ಮೆ ತೂಕ ಹಾಕಿಸಿ. ಚೆನ್ನಾಗಿ ತಿಂದೂ ಸೊರಗುತ್ತಿದ್ದರೆ ಊಟ ಹೆಚ್ಚಿಸಿ ಸುಮ್ಮನಾಗಬೇಡಿ. ಕೊರಗು, ದೃಷ್ಟಿ, ಬಿಸಿಲು, ಜಾತಿಯೇ ಹಾಗೆ ಎಂದು ಕಾರಣ ಕಟ್ಟಬೇಡಿ. ಹುಳುವಿನ ಔಷಧಿಯನ್ನು ಅಂದಾಜಿನಲ್ಲಿ ಕೊಡಬೇಡಿ. ಅದನ್ನು ತೂಕ ನೋಡಿ, ವೈದ್ಯರು ಹೇಳಿದಾಗಲೆಲ್ಲ ತಪ್ಪದೆ ಕೊಡಿ. ಬಕಲ್‌ಗೆ ಗುಣ ಕೊಟ್ಟ ಪುಡಿಯೇ ನಿಮ್ಮ ನಾಯಿಗೂ ಬೇಕೆಂದಿಲ್ಲ. ಅದರ ಕಾರಣ ಬೇರೆಯೇ ಇರಬಹುದು. ಬೆಳಗಿನ ಮಲ ಒಂದು ಚೂರು ಡಬ್ಬಿಯಲ್ಲಿ ತೆಗೆದುಕೊಳ್ಳಿ. ನಾಯಿ ಏನು ತಿನ್ನುತ್ತದೆ, ಯಾವಾಗಿನಿಂದ ಸೊರಗಿದೆ, ಎಲ್ಲವನ್ನೂ ವೈದ್ಯರಿಗೆ ನಾಚದೆ ಹೇಳಿ. ಕಾರಣ ಹುಡುಕಲು ಪಶುವೈದ್ಯರಿದ್ದಾರೆ. ಅವರ ಬಾಗಿಲ ತನಕ ನಾಯಿ ತಾನಾಗಿ ನಡೆದು ಹೋಗಲಾರದು. ನೀವು ಕರೆದುಕೊಂಡು ಹೋಗಿ.