ತೂಕದ ಮರುದಿನ

ಸುತ್ತು ಮುಗಿದ ಗಂಟೆ ಹೊಡೆದು ಬಾಕ್ಸಿಂಗ್ ರಿಂಗಿನ ಮೂಲೆಯ ಸ್ಟೂಲಿನ ಮೇಲೆ ಕುಕ್ಕರಿಸಿದರೂ ಎದುರಾಳಿಯ ಮೈಭಾರ ಇನ್ನೂ ಹೆಗಲಿಂದ ಇಳಿದಿಲ್ಲ, ಅವನೇನೋ ಎದುರು ಮೂಲೆಗೆ ಹೋಗಿ ನಿಂತಿದ್ದಾನೆ, ಕೂರುವ ಗೋಜಿಗೂ ಹೋಗಿಲ್ಲ, ಆದರೂ ಅವನ ಗಲ್ಲ, ಅವನ ಬೆವರು, ಅವನ ತೋಳು ಎಲ್ಲ ಇವನ ಕತ್ತಿನ ಹಿಂದೆಯೇ ಕೂತಿವೆ — ಹೊಡೆತವಾದರೆ ಸರಿ, ಬರುತ್ತದೆ, ಹೋಗುತ್ತದೆ, ಈ ಒರಗುವುದು ಇದೆಯಲ್ಲ, ತಬ್ಬಿಕೊಂಡ ನೆಪದಲ್ಲಿ ಮೈಯನ್ನೆಲ್ಲ ಹೇರಿಬಿಡುವುದು, ಅದಕ್ಕೆ ಯಾವ ವರಸೆಯೂ ಇಲ್ಲ, ಕಾಲು ಸೋಲುತ್ತವೆ, ಅಷ್ಟೇ. ಭಾವ ಮುಂದೆ ಮಂಡಿಯೂರಿ ಊದಿಕೊಂಡ ಎಡಗಣ್ಣಿಗೆ ಐಸಿನಲ್ಲಿಟ್ಟಿದ್ದ ಕಬ್ಬಿಣದ ತುಂಡು ಒತ್ತುತ್ತಿದ್ದಾರೆ, ಹೆಂಡತಿಯ ಅಣ್ಣನೂ ಅವರೇ, ಕೋಚೂ ಅವರೇ, ಕಾಣ್ತಿದೆಯೇನೋ ಈ ಕಣ್ಣು, ಕಾಣ್ತಿದೆ ಭಾವ, ಎಷ್ಟು ಬೆರಳು, ಮೂರು, ಥೂ ನಿನ್ನ, ನಾನಿನ್ನೂ ಬೆರಳೇ ತೋರಿಸಿಲ್ಲ. ನಗು ಬರುತ್ತದೆ, ನಗಲು ದವಡೆ ಬಿಡುವುದಿಲ್ಲ. ಈ ಕಣ್ಣಿಗೆ ಇನ್ನು ಹೆಚ್ಚು ಪೆಟ್ಟು ಬಿದ್ರೆ ಬೆಳಕೇ ಹೋಗುತ್ತೆ ನೋಡಿ, ಅಂದಿದ್ದರು ಡಾಕ್ಟರು, ಹೆಂಡತಿಯೂ ಅಂದಿದ್ದಳು, ನಿಮ್ಮ ತೂಕದಲ್ಲಿ ನಿಮ್ಮನ್ನ ಮೀರಿಸೋರಿಲ್ಲ, ಬೆಲ್ಟೂ ಮನೇಲಿದೆ, ಸುಮ್ಮನೆ ಮೇಲಿನ ತೂಕದವರ ತಂಟೆ ಯಾಕ್ರೀ — ಗುಬ್ಬಿ, ಗುಬ್ಬಿ ಎಂದು ಜನ ಕೂಗುತ್ತಿದ್ದಾರೆ, ಚಿಕ್ಕ ಮೈಯವನಿಗೆ ಜನ ಪ್ರೀತಿಯಿಂದ ಇಟ್ಟ ಹೆಸರು, ಕೈಚಳಕ ಇದ್ದವನಿಗೆ ಮೈತೂಕ ಯಾವ ಲೆಕ್ಕ ಎಂದು ಮೀಸೆ ತಿರುವಿದ್ದ ಇವನು, ಮೊದಲ ಸುತ್ತುಗಳಲ್ಲಿ ಹಾಗೇ ಆಯಿತಲ್ಲ, ಮುಟ್ಟಿ ಸರಿದ, ಮುಟ್ಟಿ ಸರಿದ, ಎಲ್ಲ ಹೊಡೆತವೂ ನೆಟ್ಟಗೆ ಬಿದ್ದವು, ಅವನೋ ನೊಣ ಕೂತಂತೆ ಮುಖ ಒರೆಸಿಕೊಂಡ, ಆಮೇಲೆ ಒಂದೇ ಒಂದು ಕೊಟ್ಟ, ಅಡ್ಡ ಹಿಡಿದ ಕೈಯ ಸಮೇತ ಇವನ ಮುಖವೇ ಹಿಂದಕ್ಕೆ ಹೋಯಿತು.

ಸಮ ಅಂತೆ ಸಮ, ಯಾವನಪ್ಪಾ ಹೇಳಿದ್ದು, ನಿನ್ನೆ ತೂಕದ ಯಂತ್ರ ಹೇಳಿತು, ಇಬ್ಬರಿಗೂ ಎಪ್ಪತ್ತು ಕಿಲೋ, ಪತ್ರಿಕೆಯವರು ತಲೆಯಾಡಿಸಿ ಬರೆದುಕೊಂಡರು, ಇವನು ಹೊಟ್ಟೆ ಬೇಡಬೇಡವೆಂದರೂ ಅನ್ನ ತುರುಕಿಕೊಂಡು ಎಪ್ಪತ್ತು ಮುಟ್ಟಿದವನು, ಅವನು ಎಂಬತ್ತರ ಆಳು, ರಬ್ಬರ್ ಅಂಗಿ ತೊಟ್ಟು ಬಿಸಿ ಕೋಣೆಯಲ್ಲಿ ಓಡಿ ಓಡಿ ಮೈಯ ನೀರನ್ನೆಲ್ಲ ಹಿಂಡಿಕೊಂಡು ಆ ಒಂದು ಗಳಿಗೆಗೆ ಮಾತ್ರ ಎಪ್ಪತ್ತಾದವನು, ಯಂತ್ರದಿಂದ ಇಳಿಯುವಾಗ ತೂರಾಡಿದ, ತುಟಿ ಬಿರಿದಿತ್ತು, ನಾಲಿಗೆ ಅಂಟಿ ಮಾತೇ ಹೊರಡಲಿಲ್ಲ, ಅವನ ಕಡೆಯವರು ನೀರಿಗೆ ಓಡಿದರು, ಇವನ ಕೈಯಲ್ಲಿ ಬಾಟಲಿ ಇತ್ತು, ಕೈ ತಾನಾಗಿಯೇ ಮುಂದೆ ಹೋಯಿತು, ತಗೋ ಮಾರಾಯ, ಕುಡಿ — ಭಾವ ಹಿಂದಿನಿಂದ ಅಂಗಿ ಜಗ್ಗಿದರು, ತಲೆಗಿಲೆ ಕೆಟ್ಟಿದೆಯೇನೋ, ನಾಳೆ ನಿನ್ನ ಮೇಲೆ ಬೀಳೋದು ಅದೇ ನೀರು ಕಣೋ — ಅವನು ತಲೆ ಹಿಂದಕ್ಕೆ ಚೆಲ್ಲಿ ಕುಡಿದ, ಗಂಟಲಿನ ಗಂಟು ಮೇಲೆ ಹೋಯಿತು, ಕೆಳಗೆ ಬಂತು, ಮೇಲೆ ಹೋಯಿತು, ಬತ್ತಿದ ಮೈ ಕಣ್ಣೆದುರೇ ತುಂಬಿಕೊಂಡಿತು, ಥ್ಯಾಂಕ್ಸ್ ಅಣ್ಣಾ. ಈಗ ಆ ತುಂಬಿದ ಮೈಯೇ ಹೆಗಲ ಮೇಲೆ. ಕೋಪ ಬರಬೇಕು, ಬರುವುದಿಲ್ಲ, ಸುಸ್ತು, ಬರೀ ಸುಸ್ತು. ಈ ಸುತ್ತಿನಲ್ಲಿ ತಬ್ಬಿ ಒರಗಿದಾಗ ಕಿವಿಯಲ್ಲಿ ಅಂದ, ಬಿದ್ಬಿಡು ಅಣ್ಣಾ, ನಿನ್ನ ಹೊಡೆಯೋಕೆ ನಂಗೇ ಬೇಜಾರು, ಬೈದಿದ್ದರೆ ಎಷ್ಟೋ ವಾಸಿಯಿತ್ತು, ಎದ್ದು ನಿಲ್ಲಲು ಒಂದು ನೆಪವಾದರೂ ಸಿಗುತ್ತಿತ್ತು.

ಇನ್ನು ಎರಡೇ ಸುತ್ತು ಕಣೋ, ಆಗುತ್ತಾ, ಭಾವನ ಮಾತು ಎಲ್ಲೋ ದೂರದಲ್ಲಿದೆ, ರೆಫರಿಯೂ ಬಂದು ಬಗ್ಗಿ ನೋಡಿ ಹೋದ, ಸಾಕು ಎಂದು ಈ ಬಾಯಿ ಯಾವತ್ತೂ ಹೇಳಿಲ್ಲ, ಯಾವ ಬಾಕ್ಸರನೂ ಹೇಳುವುದಿಲ್ಲ, ಅದಕ್ಕೇ ಮೊದಲ ಪಂದ್ಯದ ದಿನವೇ ಭಾವ ಕಲಿಸಿಟ್ಟಿದ್ದರು, ನೋಡು, ನೀನೇನೂ ಹೇಳಬೇಡ, ನೀರು ಕೊಡ್ತೀನಿ, ಕುಡಿದ್ರೆ ಆಡ್ತೀಯ ಅಂತ, ಬಾಟಲಿ ದೂಡಿದ್ರೆ ಸೋಲೊಪ್ಪಿ ಟವೆಲ್ ನಾನು ಎಸೀತೀನಿ, ಹೆಸರು ಕೆಟ್ಟರೆ ನಂದು ಕೆಡಲಿ. ಇಷ್ಟು ವರ್ಷ ಒಂದು ಸಲವೂ ದೂಡಿದ್ದಿಲ್ಲ. ಬಾಯಾರಿಕೆಯೋ ವಿಪರೀತ, ಬಾಟಲಿಯ ಬಾಯಿ ತುಟಿಗೆ ತಾಗುತ್ತಿದೆ, ಒಂದು ಗುಟುಕು ಇಳಿದರೆ ಮತ್ತೆ ಅವನ ಕೆಳಗೆ ನಿಲ್ಲಬೇಕು, ಎಡಗಡೆ ಜನರ ನಡುವೆ ಹೆಂಡತಿ ಕೂತಿದ್ದಾಳೆ, ಆ ಕಡೆ ಈಗಾಗಲೇ ಬರೀ ಮಬ್ಬು, ಅಮ್ಮಾ, ಅವಳ ಮುಖವಾದರೂ ಉಳಿಯಲಿ — ಗ್ಲೌಸಿನ ಕೈ ಏಳುತ್ತದೆ, ಎಷ್ಟು ಭಾರ ಈ ಕೈ, ಬಾಟಲಿಯನ್ನು ಮೆಲ್ಲಗೆ ಮುಂದಕ್ಕೆ ಸರಿಸುತ್ತದೆ, ನಿನ್ನೆ ಸರಿಸಿದ ಹಾಗೆಯೇ. ಭಾವ ಇವನ ತಲೆ ಮುಟ್ಟುತ್ತಾರೆ, ಟವೆಲ್ ಹಾರಿ ರಿಂಗಿನ ನಡುವೆ ಬೀಳುತ್ತದೆ, ಜನರ ಗದ್ದಲ, ಎದುರು ಮೂಲೆಯಲ್ಲಿ ಅವನಿಗೂ ಯಾರೋ ನೀರು ಕೊಟ್ಟಿದ್ದಾರೆ, ತಲೆ ಹಿಂದಕ್ಕೆ ಚೆಲ್ಲಿದ್ದಾನೆ, ಗಂಟಲಿನ ಗಂಟು ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಮೇಲೆ ಹೋಗುತ್ತದೆ, ಕೆಳಗೆ