ಮೀಯಿಸಿದವಳು ಕಂಡದ್ದು

ಪಾಣೆಮಂಗಳೂರಿನ ಮುಸ್ಲಿಮರ ಮನೆಗಳಲ್ಲಿ ಹೆಂಗಸರು ಸತ್ತರೆ ಮಯ್ಯತ್ ಮೀಯಿಸಲು ಆಸ್ಯಮ್ಮನನ್ನೇ ಕರೆಯುತ್ತಾರೆ. ಹೆಣದ ಮೈಮೇಲೆ ಕಂಡದ್ದನ್ನು ಹೊರಗೆ ಹೇಳಬಾರದು ಎಂಬುದು ಆ ಕೆಲಸದ ಕಟ್ಟುಪಾಡು. ಮೂವತ್ತು ವರ್ಷಗಳಲ್ಲಿ ಆಸ್ಯಮ್ಮ ಯಾರ ಗುಟ್ಟನ್ನೂ ಬಿಟ್ಟುಕೊಟ್ಟವಳಲ್ಲ.

ಮುಟ್ಟು ನಿಂತು ಏಳು ವರ್ಷವಾದ ಮೇಲೆ ಅವಳಿಗೆ ಮತ್ತೆ ರಕ್ತ ಕಾಣಿಸಿಕೊಂಡಿತು. ಮುಟ್ಟೇ ತಿರುಗಿ ಬಂತೆಂದುಕೊಂಡು, ಆ ದಿನಗಳಲ್ಲಿ ಮಾಡಬಾರದ ನಮಾಝ್ ಬಿಟ್ಟಳು. ನಮಾಝಿನ ಚಾಪೆ ಹದಿನೈದು ದಿನ ಮಡಚಿಯೇ ಇದ್ದದ್ದನ್ನು ಕಂಡ ಅಕ್ಕನ ಮಗಳು ರಶೀನಾ, ಬಯ್ದು ಬಂಟ್ವಾಳದ ಆಸ್ಪತ್ರೆಗೆ ಎಳೆದುಕೊಂಡು ಹೋಗಿದ್ದಳು. ಅಲ್ಲಿ ಗರ್ಭಕೋಶದೊಳಗಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಇವತ್ತು ರಿಪೋರ್ಟು ಬಂದಿತ್ತು.

"ಒಳಪದರದ ಕ್ಯಾನ್ಸರ್," ಎಂದರು ಡಾಕ್ಟರ್ ಮನೋರಮಾ. "ಮುಟ್ಟು ನಿಂತ ಮೇಲೆ ಒಂದು ಹನಿ ಕಂಡ್ರೂ ಬರ್ಬೇಕು. ಇರಲಿ, ಹರಡಿದೆಯಾ ಅಂತ ಸ್ಕ್ಯಾನ್ ಮಾಡಿ ನೋಡುವ. ಆಮೇಲೆ ಗರ್ಭಕೋಶ ತೆಗೆಯುವ."

"ತೆಗೀರಿ ಮೇಡಂ. ಇನ್ನು ಅದ್ರಲ್ಲಿ ಯಾರನ್ನು ಮಲಗಿಸ್ಲಿಕ್ಕುಂಟು?"

"ಬಾಯಿಗೆ ಮಾತ್ರ ಇವರಿಗೆ ಏನೂ ಆಗ್ಲಿಲ್ಲ," ಎಂದಳು ರಶೀನಾ.

ಡಾಕ್ಟರು ಪೆನ್ನು ಎತ್ತಿಕೊಂಡರು. "ನಿಮ್ಮ ಅಮ್ಮನಿಗೆ, ಅಕ್ಕತಂಗಿಯರಿಗೆ ಹೀಗೆ ಇತ್ತಾ? ಕೆಲವು ಮನೆಗಳಲ್ಲಿ ಇದು ವಂಶದಲ್ಲೇ ಬರ್ತದೆ. ಹಾಗಿದ್ರೆ ರಶೀನಾಳನ್ನೂ ಪರೀಕ್ಷೆ ಮಾಡ್ಬೇಕಾಗ್ತದೆ."

"ಇಲ್ಲ," ಎಂದಳು ಆಸ್ಯಮ್ಮ.

ಡಾಕ್ಟರು ಬರೆದುಕೊಂಡರು. ಆಸ್ಯಮ್ಮನ ಮೂಗಿಗೆ ಕರ್ಪೂರದ ವಾಸನೆ ಬಡಿಯಿತು. ಕೋಣೆಯಲ್ಲಿ ಡೆಟಾಲ್ ಬಿಟ್ಟರೆ ಬೇರೇನೂ ಇರಲಿಲ್ಲ. ವಾಸನೆ ಅವಳ ಕೈಯಿಂದಲೇ ಬರುತ್ತಿತ್ತು. ಹನ್ನೊಂದು ವರ್ಷದ ಹಿಂದೆ ಅಕ್ಕ ನೆಬಿಸಮ್ಮನ ಹೆಣಕ್ಕೆ ಕರ್ಪೂರ ಬೆರೆಸಿದ ಕೊನೆಯ ನೀರು ಹೊಯ್ದ ಕೈ. ರಕ್ತ ತಡೆಯಲು ಇಟ್ಟ ಹತ್ತಿಯನ್ನು ಎರಡು ಸಲ ಬದಲಾಯಿಸಿದರೂ ಮೀಯಿಸುವ ಮಂಚದಿಂದ ಇಳಿದ ನೀರು ಕೆಂಪಾಗಿಯೇ ಇತ್ತು.

"ನನ್ನ ಉಮ್ಮನಿಗೆ ರಕ್ತ ಕಮ್ಮಿ ಇದ್ದದ್ದು ಅಷ್ಟೇ," ಎಂದಳು ರಶೀನಾ. "ಅಲ್ವಾ ಚಿಕ್ಕಮ್ಮಾ?"

ಆಸ್ಯಮ್ಮ ಕೈಯನ್ನು ಸೀರೆಗೆ ಒರೆಸಿಕೊಂಡಳು. ವಾಸನೆ ಹೋಗಲಿಲ್ಲ. ಪಕ್ಕದಲ್ಲಿ ಕೂತವಳಿಗೆ ಅಕ್ಕನದೇ ಗಲ್ಲ, ಅಕ್ಕನದೇ ಹುಬ್ಬು. ಈ ಮುಖಕ್ಕೂ ನೀರು ಹೊಯ್ಯಬೇಕಾದೀತು.

"ಕಮ್ಮಿ ಆದದ್ದು ಹರಿದು ಹೋಗಿ," ಎಂದಳು. "ನಾನು ನೋಡಿದ್ದೇನೆ. ಹಾಸಿಗೆಯ ಅಡಿಯಲ್ಲಿ ರಕ್ತದ ಬಟ್ಟೆಯ ಗಂಟೇ ಇತ್ತು. ಸುಟ್ಟು ಹಾಕಿದೆ."

ರಶೀನಾ ಚಿಕ್ಕಮ್ಮನ ಕಡೆಗೆ ತಿರುಗಿದಳು.

"ಹನ್ನೊಂದು ವರ್ಷ!"

"ಹೇಳಿ ಏನಾಗ್ಲಿಕ್ಕಿತ್ತು? ಅವಳು ಸತ್ತಾಗಿತ್ತು."

"ನಾನು ಸತ್ತಿರ್ಲಿಲ್ಲ ಅಲ್ಲ?"

ಡಾಕ್ಟರು ಬರೆದದ್ದನ್ನು ಹೊಡೆದುಹಾಕಿ ಹೊಸ ಚೀಟಿ ತೆಗೆದರು. "ರಶೀನಾ, ನಿಮ್ಮ ವಯಸ್ಸೆಷ್ಟು?"

ಆಸ್ಯಮ್ಮ ಮೆಲ್ಲ ಕೈಯನ್ನು ಮೂಗಿನ ಹತ್ತಿರ ತಂದು ನೋಡಿದಳು. ಕರ್ಪೂರ ಇನ್ನೂ ಇತ್ತು.