ಅಟ್ರಾಕ್ಟಾ ಹತ್ತದ ಸ್ವರ

"ಅದು ಬೇರೆ ಮಟ್ಟಲ್ಲ ಕಣೇ. ಗ್ಯಾರೆಟ್‌ನದ್ದೇ ಮಟ್ಟು. ಒಗೆದು ಒಗೆದು ಬಣ್ಣ ಬಿಟ್ಟಿದೆ, ಅಷ್ಟೆ," ಎಂದು ಮ್ಯಾಲಕಿ ಹೆಹಿರ್ ಟೀ ಕಪ್ಪನ್ನು ಪಬ್ಬಿನ ಮೇಜಿನ ಮೇಲಿಟ್ಟ.

ಡಿಂಪ್ನಾ ಟಾಲ್ಟಿ ಆಗಷ್ಟೇ ನುಡಿಸಿ ಮುಗಿಸಿದ್ದಳು. ಕಂಕುಳಲ್ಲಿದ್ದ ಪೈಪ್ ವಾದ್ಯದ ಚೀಲದಿಂದ ಗಾಳಿ ಇನ್ನೂ ಪೂರ್ತಿ ಇಳಿದಿರಲಿಲ್ಲ. ನುಡಿಸಿದ್ದು ಅವಳ ತಾಯಿ ಅಟ್ರಾಕ್ಟಾಳ ಜಿಗ್, ಕುಣಿತದ ಮಟ್ಟು. ಸಿಳ್ಳೆ ಹಾಕುವ ಹೆಂಗಸು, ಕೂಗುವ ಹೇಂಟೆ ಎರಡೂ ಮನೆಗೆ ಆಗಿಬರುವುದಿಲ್ಲ ಎನ್ನುವ ಊರಿನಲ್ಲಿ ಆ ತಾಯಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು, ಬ್ರೆಡ್ ಬೇಯುವಷ್ಟು ಹೊತ್ತು ಮಾತ್ರ ಪೈಪ್ ನುಡಿಸಿದವಳು. ಹೊರಗೆ ಕೇಳಿದವರು ಇಲ್ಲವೆನ್ನುವಷ್ಟು ಕಡಿಮೆ. ಗ್ಯಾರೆಟ್ ಮ್ಯಾರಿನನ್ ಮಾತ್ರ ಅದೇ ಜಿಗ್ಗನ್ನು ರೆಕಾರ್ಡಿನಲ್ಲಿ ನುಡಿಸಿ ಹೆಸರು ಮಾಡಿ, ಸತ್ತು ಸ್ವರ್ಗದಲ್ಲಿದ್ದ.

ಮರುದಿನ ಪೂಜೆ ಮುಗಿದ ಮೇಲೆ ಚರ್ಚಿನ ಹಾಲಿನಲ್ಲಿ ಕ್ಲೇರ್ ಸೀಮೆಯ ಪೈಪಿನವರೆಲ್ಲ ಸೇರುವವರಿದ್ದರು. ಕೊನೆಗೆ ಎಲ್ಲರೂ ಒಟ್ಟಿಗೆ ಒಂದು ಮಟ್ಟು ನುಡಿಸುವುದು ರೂಢಿ. ಅದು ಯಾರ ಮಟ್ಟು ಎಂದು ಸಾರುವವನು ಮ್ಯಾಲಕಿ. ಎರಡು ಮಟ್ಟು ಕೇಳಿದರೆ ಅವು ತಾಯಿ ಮಗಳೋ ಬರೀ ನೆರೆಹೊರೆಯೋ ಎಂದು ಹೇಳಿಬಿಡುತ್ತಿದ್ದ. ಅವನು ಒಮ್ಮೆ ಹೇಳಿದರೆ ಮುಗಿಯಿತು, ಪಾದ್ರಿಯೂ ಎದುರಾಡುತ್ತಿರಲಿಲ್ಲ. ಈ ಸಲ ಇದೇ ಜಿಗ್. ನಾಳೆ ಅವನ ಬಾಯಲ್ಲಿ ಗ್ಯಾರೆಟ್‌ನ ಹೆಸರು ಬಂತೆಂದರೆ ತಾಯಿ ಎಂದೆಂದಿಗೂ ನಕಲು ಮಾಡಿ ಮರೆತವಳಾಗಿ ಉಳಿಯುತ್ತಾಳೆ. ಡಿಂಪ್ನಾಳಿಗೆ ಅನ್ನ ಇಳಿಯದ ಸಂಕಟ ಅದೇ.

"ಗ್ಯಾರೆಟ್ ಕರೆಂಟ್ ಕಂಬ ನೆಡೋಕೆ ಬಂದೋನು, ಆ ಚಳಿಗಾಲವೆಲ್ಲ ನಿಮ್ಮನೇಲೇ ಊಟ," ಮ್ಯಾಲಕಿ ಮುಂದುವರಿಸಿದ. "ನಿಮ್ಮಮ್ಮ ಅವನ ಹತ್ರ ಕಲಿತ್ಲು, ಅರ್ಧ ಮರೆತ್ಲು. ಅದ್ರಲ್ಲಿ ಅವಮಾನ ಏನು ಬಂತು?"

"ನಿನಗೇನೂ ಬರಲ್ಲ ಬಿಡು."

"ಸಿಟ್ಟಾಗ್ಬೇಡ್ವೇ. ಎರಡನೇ ಭಾಗದಲ್ಲಿ ಯಾರಾದ್ರೂ ಮೇಲಕ್ಕೆ ಹತ್ತೋ ಕಡೆ ಅವನು ಹತ್ತದೆ ಕೆಳಗಿಳೀತಾನಲ್ಲ, ಆಹಾ! ಅದಕ್ಕೆ ತಲೆ ಬೇಕು. ಪುಣ್ಯಕ್ಕೆ ನಿಮ್ಮಮ್ಮ ಅದೊಂದನ್ನ ಮರೀಲಿಲ್ಲ."

ಡಿಂಪ್ನಾ ಪಕ್ಕದಲ್ಲಿದ್ದ ಕೈಚೀಲಕ್ಕೆ ಕೈ ಹಾಕಿ ಬಟ್ಟೆಯಲ್ಲಿ ಸುತ್ತಿದ್ದ ಕೊಳವೆಯೊಂದನ್ನು ತೆಗೆದಳು. ಪೈಪಿನಲ್ಲಿ ಬೆರಳಾಡಿಸುವ ಕೊಳವೆ ಅದು. ಉದ್ದಕ್ಕೂ ಬಿರುಕು, ಬಿರುಕಿನ ಮೇಲೆ ಮೇಣದ ದಾರ. ಒಳ್ಳೆಯ ಪೈಪನ್ನು ಅಜ್ಜ ಬಾಸ್ಟನ್ನಿಗೆ ಹೊರಟ ಮಗನ ಕೈಗೆ ಕೊಟ್ಟು, ಗಾಡಿಯಿಂದ ಬಿದ್ದು ಸೀಳಿದ್ದ ಇದನ್ನು ಮಗಳು ಅಟ್ರಾಕ್ಟಾಳಿಗೆ ಉಳಿಸಿದ್ದ. ಜನ ನಗುತ್ತಾರೆಂದು ಡಿಂಪ್ನಾ ಇದನ್ನು ಇಷ್ಟು ವರ್ಷ ಯಾರಿಗೂ ತೋರಿಸಿರಲಿಲ್ಲ.

"ಅಮ್ಮಂದು. ನಿನ್ನ ಪೈಪಿಗೆ ಹಾಕ್ಕೊಂಡು ಏನಾದ್ರೂ ನುಡಿಸು. ಸ್ವರ ಹೊರಡಿಸೋ ರೀಡೂ ನಿಂದೇ ಹಾಕು, ಆಮೇಲೆ ನೆಪ ಹೇಳ್ಬೇಡ."

ಮ್ಯಾಲಕಿ ಮೊಣಕೈಗೆ ಗಾಳಿ ತುಂಬುವ ತಿದಿ ಕಟ್ಟಿಕೊಂಡು ತನ್ನ ಮೆಚ್ಚಿನ ಮಟ್ಟೊಂದನ್ನು ಶುರುಮಾಡಿದ. ಕೆಳಗಿನ ಸ್ವರಗಳು ಸಕ್ಕರೆಯಂತೆ ಬಂದವು. ಮೇಲಕ್ಕೆ ಹತ್ತುವ ಜಾಗದಲ್ಲಿ ಕೊಳವೆ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚಿತು. ಚೀಲ ಒತ್ತಿ ಮತ್ತೆ ಹತ್ತಿದ. ಮತ್ತೆ ಕಿರುಚಿತು. ಲೋಟ ಒರೆಸುತ್ತಿದ್ದ ಪಬ್ಬಿನೊಡತಿ ಕನ್ಸೆಪ್ಟಾ, "ಏನಯ್ಯಾ, ಹಂದಿ ಕೊಯ್ತಿದೀಯಾ?" ಎಂದಳು.

"ಈಗ ಆ ಜಿಗ್," ಎಂದಳು ಡಿಂಪ್ನಾ.

ಜಿಗ್ ಮೊದಲಿನಿಂದ ಕೊನೆಯವರೆಗೆ ಒಂದೂ ಅಪಸ್ವರವಿಲ್ಲದೆ ಹರಿಯಿತು. ಮ್ಯಾಲಕಿ ಕಣ್ಣು ಕಿರಿದು ಮಾಡಿದ. ಆದರೆ ಸೋಲುವ ಆಸಾಮಿಯಲ್ಲ.

"ಈ ಕೊಳವೇಗೆ ಒಗ್ಗುತ್ತೆ ಅಂತಲೇ ನಿಮ್ಮಮ್ಮ ಇದನ್ನ ಕಲಿತಿರ್ಬೇಕು."

"ಸರಿ. ಅಮ್ಮನ ಉಳಿದ ಮಟ್ಟೆಲ್ಲ ನನ್ನಿಂದ ಕೇಳಿದೀಯ. ಯಾವುದ್ರಲ್ಲಾದ್ರೂ ಆ ಮೇಲಿನ ಸ್ವರ ಇದೆಯಾ?"

ಅವನು ಗಡ್ಡ ಕೆರೆದುಕೊಂಡ. "ಇಲ್ಲ. ಎಲ್ಲಾ ಕಡೆ ಇಳೀತಾಳೆ."

"ಗ್ಯಾರೆಟ್ ಹತ್ರ ಅಂಥಾ ಒಳ್ಳೇ ಪೈಪಿತ್ತು. ಈ ಜಿಗ್ ಒಂದು ಬಿಟ್ಟು ಬೇರೆ ಎಲ್ಲಿ ಆ ಸ್ವರ ಬಿಟ್ಟಿದಾನೆ? ನೀನೇ ಹೇಳು."

ಗ್ಯಾರೆಟ್‌ನ ಮಟ್ಟುಗಳೆಲ್ಲ ಮ್ಯಾಲಕಿಗೆ ಬಾಯಿಪಾಠ. ಒಂದು ಗುನುಗಿದ, ತಲೆಯಾಡಿಸಿದ. ಇನ್ನೊಂದು ಗುನುಗಿದ. ಬೆರಳುಗಳು ಮೇಜಿನ ಮೇಲೆ ಓಡಿದವು. ಟೀ ಆರಿತು. ಗ್ಯಾರೆಟ್ ಸಿಕ್ಕಲ್ಲೆಲ್ಲ ಆ ಸ್ವರದ ಮೇಲೆ ಕೂತು ಮೆರೆದಿದ್ದ. ಎಲ್ಲೂ ಬಿಟ್ಟಿರಲಿಲ್ಲ.

ಮ್ಯಾಲಕಿ ಇದ್ದಕ್ಕಿದ್ದಂತೆ ಮೇಜು ಗುದ್ದಿದ.

"ಕಳ್ಳ ನನ್ಮಗ! ನಡಿಗೆ ಕಲಿಯೋಕೆ ಹೋಗಿ ಕುಂಟೋದನ್ನೂ ಕಲಿತು ಬಂದಿದಾನೆ! ನಾವು ಅದನ್ನೇ ಚಂದ ಚಂದ ಅಂತ ಕೊಂಡಾಡಿದ್ವಲ್ಲೇ!" ಸೋತವನ ಮುಖದಲ್ಲಿ ನಿಧಿ ಸಿಕ್ಕಿದವನ ನಗುವಿತ್ತು. "ನಿಮ್ಮಮ್ಮನ ಮಟ್ಟು ಕಣೇ. ನಿಮ್ಮಮ್ಮನದೇ!"

ಡಿಂಪ್ನಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಇಂಥ ಸಂತೋಷ ಅವಳ ಜನ್ಮದಲ್ಲಿ ಆಗಿರಲಿಲ್ಲ. ಕನ್ಸೆಪ್ಟಾ ಹೇಳದೆ ಕೇಳದೆ ಮೂರು ವಿಸ್ಕಿ ತಂದಿಟ್ಟಳು.

ಭಾನುವಾರ ಹಾಲು ಕಿಕ್ಕಿರಿದಿತ್ತು. ಮ್ಯಾಲಕಿ ಎದ್ದು ನಿಂತ.

"ಅಟ್ರಾಕ್ಟಾ ಟಾಲ್ಟಿಯ ಜಿಗ್! ಗ್ಯಾರೆಟ್ ಮ್ಯಾರಿನನ್ ಆಕೆ ಹತ್ರ ಕಲಿತದ್ದು. ಇಷ್ಟು ವರ್ಷ ನಾನು ಉಲ್ಟಾ ಹೇಳಿದೀನಿ. ನಗೋರು ಈಗ್ಲೇ ನಕ್ಕುಬಿಡಿ."

ಯಾರೂ ನಗಲಿಲ್ಲ. ಹಿಂದಿನ ಬೆಂಚಿನಲ್ಲಿ ಅಟ್ರಾಕ್ಟಾಳ ವಾರಿಗೆಯ ಮುದುಕಿಯೊಬ್ಬಳು "ಹೇಳಿರ್ಲಿಲ್ವಾ ನಾನು!" ಎಂದು ಪಕ್ಕದವಳ ತೊಡೆಗೆ ಹೊಡೆದಳು. ಪೈಪುಗಳೆಲ್ಲ ಒಟ್ಟಿಗೆ ಎದ್ದವು. ಎರಡನೇ ಭಾಗ ಬಂದಾಗ, ಹತ್ತಲು ಯಾವ ಅಡ್ಡಿಯೂ ಇಲ್ಲದ ಅಷ್ಟೂ ಒಳ್ಳೆಯ ಪೈಪುಗಳು ಅಟ್ರಾಕ್ಟಾ ಇಳಿದ ಜಾಗದಲ್ಲಿ ಒಂದೇ ಸಲ ಇಳಿದವು. ಡಿಂಪ್ನಾಳ ಮೈ ಜುಮ್ಮೆಂದಿತು.

ಮೂರನೇ ಸುತ್ತಿನಲ್ಲಿ ಅವಳೊಬ್ಬಳು ಇಳಿಯಲಿಲ್ಲ. ಹತ್ತಿದಳು. ಅಮ್ಮನ ಕೊಳವೆಗೆ ಎಟುಕದ ಆ ಮೇಲಿನ ಸ್ವರ ಎಲ್ಲರ ತಲೆಯ ಮೇಲಿಂದ ಗಂಟೆಯಂತೆ ಹಾದು ಹೋಯಿತು.

"ಹೋ! ಇನ್ನೊಂದು ಪಾಠಾಂತರ!" ಎಂದು ಮ್ಯಾಲಕಿ ಕೂಗಿದ. ಕೂಗಿದವನು ಮುಂದೆ ನುಡಿಸಲಿಲ್ಲ. ತಿದಿ ಒತ್ತುವುದು ಮರೆತು, ಕಣ್ಣು ಮುಚ್ಚಿ ಅವಳ ಕಡೆಗೆ ಕಿವಿ ಕೊಟ್ಟು ಕೂತ. ಅವನ ಕಂಕುಳಿನ ಚೀಲ ಮೆಲ್ಲಗೆ ಇಳಿಯುತ್ತಿತ್ತು.